ಬಟನ್ನು ಒತ್ತಿದ್ದು ಯಾರು?

ಮದ್ದೂರಿನ ಪುಟ್ಟರಾಜು ಅವರ ಕಲ್ಯಾಣ ಮಂಟಪಕ್ಕೆ ವೆಬ್‌ಸೈಟ್ ಮಾಡಿಕೊಟ್ಟ ದಿನವೇ ಸಿದ್ದೇಶ ತನ್ನ ನೆಮ್ಮದಿಗೆ ಎಳ್ಳುನೀರು ಬಿಟ್ಟಿದ್ದ. ಜನ ಮೊಬೈಲಿನಲ್ಲಿ ತಾರೀಕು ಆರಿಸಿ ಬಟನ್ನು ಒತ್ತುತ್ತಾರೆ. ಚಕ್ರ ತಿರುಗುತ್ತದೆ. ತಿರುಗುತ್ತಲೇ ಇರುತ್ತದೆ.

ಶುಕ್ರವಾರ ಬೆಳಿಗ್ಗೆಯೇ ಪುಟ್ಟರಾಜು ಆಫೀಸಿಗೆ ನುಗ್ಗಿದರು. "ಲೇ ಸಿದ್ದೇಸ, ಅಲಗೂರಿನ ಮದ್ವೆಯೋರು ಬೇರೆ ಮಂಟಪಕ್ಕೆ ಓದ್ರು ಕಣ್ಲಾ! ಇವತ್ತೂ ಇದು ನಿಂತ್ಕಂಡ್ರೆ ನಾಳೆಯಿಂದ ನೀನು ಬರಬ್ಯಾಡ."

ಸಿದ್ದೇಶನಿಗೆ ಮದುವೆ ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಕೆಲಸ ನೋಡಿಯೇ ಒಪ್ಪಿದ್ದರು. ಕೆಲಸ ಹೋದರೆ ಮದುವೆಯೂ ಹೋಯಿತು.

"ದೃಷ್ಟಿ ತಗುಲಿದೆ ಕಣಯ್ಯಾ, ಒಂದು ಬೂದುಗುಂಬಳ ಒಡೆಸು" ಎಂದರು ಅಡುಗೆಯ ಸುಧೀಂದ್ರ. ಅವರನ್ನು ಯಾರೂ ಕೇಳಿರಲಿಲ್ಲ.

ಮೊಬೈಲಿನ ಕಡೆ ನೋಡಿದರೆ ಗಂಟೆಗಟ್ಟಲೆ ತಡ. ಸರ್ವರಿನ ಕಡೆ ನೋಡಿದರೆ ಎಲ್ಲ ಸಲೀಸು, ಆಮೇಲೆ ಇದ್ದಕ್ಕಿದ್ದಂತೆ ಮೂರ್ಛೆ. ಅದಕ್ಕೇ ಸಿದ್ದೇಶ, ಬಸ್ಸಿಗೆ ಹಾಕುವ ಮೂಟೆಗೆ ಚೀಟಿ ಕಟ್ಟಿದ ಹಾಗೆ, ಪ್ರತಿ ಬುಕ್ಕಿಂಗಿಗೂ ಒಂದು ನಂಬರು ಅಂಟಿಸಿದ್ದ. ಯಾರು ಒತ್ತಿದರು, ಅದು ಸರ್ವರಿನಲ್ಲಿ ಏನಾಯಿತು ಎಂಬುದೆಲ್ಲ ಈಗ ಒಂದೇ ಗೆರೆಯಲ್ಲಿ ಕಾಣುತ್ತಿತ್ತು.

ನೋಡಿ ಬೆಚ್ಚಿದ. ಜನ ತಾರೀಕು ತುಂಬಿ ಸುಮ್ಮನೆ ಕೂತಿರುತ್ತಾರೆ. ಆಮೇಲೆ ಎಲ್ಲರೂ ಒಂದೇ ಏಟಿಗೆ ಒತ್ತುತ್ತಾರೆ. ಬುಧವಾರ ಒಂದೂವರೆಗೆ, ಗುರುವಾರ ಮೂರಕ್ಕೆ.

"ಯಾಕವ್ವಾ ಇಂಗೆ ಕಾಯ್ತಾರೆ?" ಎಂದು ಪುಟ್ಟರಾಜುವಿನ ತಾಯಿ ಹೊಂಬಾಳಮ್ಮನನ್ನು ಕೇಳಿದ.

"ರಾವುಕಾಲ ಮುಗೀದೆ ಮದ್ವೆ ಮನೆ ಕೆಲ್ಸ ಯಾರ್ಲಾ ಮಾಡ್ತಾರೆ?"

ಸಿಕ್ಕಿತು! ಶುಕ್ರವಾರದ ರಾಹುಕಾಲ ಮುಗಿಯುವುದು ಹನ್ನೆರಡಕ್ಕೆ. ನುಗ್ಗುವವರನ್ನೆಲ್ಲ ಸಾಲಿನಲ್ಲಿ ನಿಲ್ಲಿಸುವ ಏರ್ಪಾಡನ್ನು ಸಿದ್ದೇಶ ಹನ್ನೊಂದೂವರೆಯೊಳಗೆ ಸಿದ್ಧಮಾಡಿದ. ಸರ್ವರ್ ಅನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿದರೆ ಮುಗಿಯಿತು. ಬೆರಳು ಎತ್ತಿದ. ಪುಟ್ಟರಾಜು ಗಬಕ್ಕನೆ ಅವನ ಕೈ ಹಿಡಿದರು.

"ಒಸಾ ಕೆಲ್ಸನ ರಾವುಕಾಲದಲ್ಲಿ ಸುರು ಮಾಡ್ತೀಯೇನ್ಲಾ? ನನ್ನ ಮುಳುಗುಸ್ಬೇಕು ಅಂತಿದ್ದೀಯಾ?"

"ಅಣ್ಣಾ, ಅನ್ನೆರಡಕ್ಕೆ ಎಲ್ರೂ ಒತ್ತುತಾರೆ! ಅಷ್ಟ್ರೊಳಗೆ ಆಗ್ಬೇಕು!"

"ನೀನೂ ಅನ್ನೆರಡಕ್ಕೇ ಒತ್ತು."

ಬೇಡಿದ, ಕಾಲು ಹಿಡಿಯುವುದೊಂದು ಬಾಕಿ. ಈ ಜನಕ್ಕೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಹನ್ನೆರಡಕ್ಕೆ ಹೊಂಬಾಳಮ್ಮ ಕಂಪ್ಯೂಟರಿಗೆ ಕರ್ಪೂರ ಬೆಳಗಿ, "ಈಗ ಒತ್ತು ಮಗಾ" ಎಂದರು. ಒತ್ತಿದ. ಸರ್ವರ್ ಆರಿತು. ಅದೇ ಕ್ಷಣಕ್ಕೆ ಮಂಡ್ಯ, ಮಳವಳ್ಳಿಯ ಬೀಗರೆಲ್ಲ ಒತ್ತಿದರು.

ಫೋನುಗಳು ಬಡಿದುಕೊಂಡವು. ಬೈಗುಳ ಕೇಳಿ ಕೇಳಿ ಕಿವಿ ಕೆಂಪಾದ ಪುಟ್ಟರಾಜು ಕೇಳಿದರು: "ಈಗ ಇದ ನಿಲ್ಸಿದ್ದು ಯಾರು ಅಂತ ನಿನ್ನ ನಂಬರು ಯೋಳ್ತದಾ?"

ಹೇಳಿತು. ಪರದೆಯ ಮೇಲೆ, ಹನ್ನೆರಡು ಗಂಟೆಗೆ ಸರ್ವರ್ ನಿಲ್ಲಿಸಿದವರ ಜಾಗದಲ್ಲಿ, ಸಿದ್ದೇಶನ ಹೆಸರೊಂದೇ ಇತ್ತು.

"ನಾಳೆಯಿಂದ ಬರಬ್ಯಾಡ" ಎಂದರು ಪುಟ್ಟರಾಜು.

"ನಾಳೆಗಂಟ ಯಾಕ್ಲಾ?" ಎಂದರು ಹೊಂಬಾಳಮ್ಮ. "ಈಗ್ಲೇ ಕಳ್ಸು. ಒಳ್ಳೆ ಗಳಿಗೆ ಬಂದೈತೆ."