ನಿವೃತ್ತಿಯ ತಾಲೀಮು

ನೌಕರಿ ಸಿಗಲಿ ಎಂದು ಕಂಡ ಕಂಡ ದೇವರಿಗೆ ಕೈಮುಗಿಯುವವರೂ, ಸಿಕ್ಕ ಮೇಲೆ ಅದನ್ನು ಯಾವಾಗ ಬಿಟ್ಟೇನು ಎಂದು ಕಾಯುವವರೂ ಬೇರೆ ಬೇರೆ ಜನ ಅಲ್ಲ. ಇದನ್ನು ನಾನು ಯಾರನ್ನೋ ನೋಡಿ ಹೇಳುತ್ತಿಲ್ಲ. ಮಾನ್ವಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ ದಿನ ಖುಷಿಗೆ ನಾನು ಒಂದು ಪ್ಲೇಟು ಮಿರ್ಚಿ ಭಜಿ ಹೆಚ್ಚಿಗೆ ತಿಂದಿದ್ದೆ. ನಮ್ಮ ಮನೆತನದಲ್ಲಿ ಕೂಲಿ ಬಿಟ್ಟು ಕುರ್ಚಿಯ ಮೇಲೆ ಕೂತವನು ನಾನೇ ಮೊದಲಿಗ. ಆದರೆ ವರ್ಷಗಳು ಕಳೆದಂತೆ ಆ ಕುರ್ಚಿ ಕಂಡರೆ ಸಾಕು, ಆಕಳಿಕೆ ಬರತೊಡಗಿತು. ಅಂಥ ಒಂದು ಮಧ್ಯಾಹ್ನ ನಮ್ಮ ಹೆಡ್ ಕ್ಲಾರ್ಕ್, ಸೇವೆಯ ವರ್ಷಗಳು ತುಂಬಿದರೆ ವಯಸ್ಸಾಗುವ ಮೊದಲೇ ತಾವಾಗಿ ನಿವೃತ್ತರಾಗಬಹುದು, ಪಿಂಚಣಿಯೂ ಬರುತ್ತದೆ ಎಂದು ಹೇಳಿದರು. ಅವರು ಹೇಳಿದ್ದು ಬೇರೆ ಯಾರಿಗೋ, ನೆಟ್ಟಿದ್ದು ನನ್ನ ತಲೆಯಲ್ಲಿ. ನಲವತ್ತೈದಕ್ಕೆ ನೌಕರಿ ಬಿಡುವುದೆಂದು ಅಲ್ಲೇ ನಿಶ್ಚಯಿಸಿದೆ. ಬಿಟ್ಟು ಏನು ಮಾಡುವುದು ಎಂಬುದನ್ನು ಮಾತ್ರ ನಿಶ್ಚಯಿಸಿರಲಿಲ್ಲ. ಬೇವಿನ ಮರದ ಕೆಳಗೆ ಹೊರಸು ಹಾಕಿಕೊಂಡು, ಇಡೀ ಪೇಪರನ್ನು ಜಾಹೀರಾತು ಸಮೇತ ಓದುತ್ತಿರುವ ನನ್ನದೇ ಒಂದು ಚಿತ್ರವಷ್ಟೇ ಕಣ್ಣ ಮುಂದಿತ್ತು.

ಪಿಂಚಣಿ ಸಣ್ಣದು, ಸಂಸಾರ ದೊಡ್ಡದು. ಆದ್ದರಿಂದ ಈಗಲೇ ಕಡಿಮೆಯಲ್ಲಿ ಬದುಕುವುದನ್ನು ಎಲ್ಲರಿಗೂ ರೂಢಿ ಮಾಡಿಸಬೇಕೆಂದುಕೊಂಡೆ. ಹೊಸ ಸಾಬೂನು ತಂದ ಕೂಡಲೇ ದಾರದಿಂದ ಕೊಯ್ದು ಅರ್ಧ ಬಚ್ಚಿಡುತ್ತಿದ್ದೆ. ನಮ್ಮ ರಾಯಚೂರು ಸೀಮೆಯಲ್ಲಿ ಪುಕ್ಕಟೆ ಸಿಗುವುದು ಬಿಸಿಲೊಂದೇ. ಅದನ್ನು ಬಳಸದೆ ಬಿಡುವುದು ದುಂದು ಎಂದು, ರೇಡಿಯೋದ ಸತ್ತ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಹಪ್ಪಳದ ಪಕ್ಕದಲ್ಲಿ ಒಣಗಿಸಿ ಮತ್ತೆ ಹಾಕುತ್ತಿದ್ದೆ. ವಾರ್ತೆ ಓದುವವರು ಮುಖ್ಯಾಂಶ ಮುಗಿಸುವಷ್ಟರಲ್ಲಿ ತೂಕಡಿಸತೊಡಗುತ್ತಿದ್ದರು. ದೇಶದಲ್ಲಿ ಏನೋ ನಡೆದಿದೆ ಎಂಬಷ್ಟು ಗೊತ್ತಾಗುತ್ತಿತ್ತು. ಏನು ಎಂಬುದು ಗೊತ್ತಾಗುತ್ತಿರಲಿಲ್ಲ. ಒಮ್ಮೆ ಹೆಂಡತಿಯ ತವರಾದ ದೇವದುರ್ಗಕ್ಕೆ ಹೋದಾಗ, ಸಂತೆಯಲ್ಲಿ ಹಸಿರು ಗೆರೆಯ ಬಟ್ಟೆಯ ಒಂದು ಇಡೀ ಸುರುಳಿ ಅಗ್ಗಕ್ಕೆ ಸಿಕ್ಕಿತು. ನನಗೆ ಅಂಗಿ, ಮಗನಿಗೆ ಅಂಗಿ, ಮಗಳು ಸಾವಿತ್ರಿಗೆ ಲಂಗ, ಉಳಿದದ್ದರಲ್ಲಿ ತಲೆದಿಂಬಿನ ಚೀಲ ಮತ್ತು ಕಿಟಕಿಯ ಪರದೆ. ಮಗ ಕಿಟಕಿಯ ಬಳಿ ನಿಂತರೆ ಅವನ ತಲೆ ಮಾತ್ರ ಕಾಣುತ್ತಿತ್ತು. ಆ ಬಟ್ಟೆ ತೊಟ್ಟು ನಾವೆಲ್ಲ ಒಂದು ಮದುವೆಗೆ ಹೋದಾಗ, ಹೆಣ್ಣಿನ ಕಡೆಯ ಹಿರಿಯರೊಬ್ಬರು ಓಡಿ ಬಂದು, "ಬ್ಯಾಂಡಿನವ್ರು ಆ ಚಪ್ಪರದಾಗ ಕುಂದರ್ರಿ, ವಾದ್ಯ ಎಲ್ಲಿ ಇಟ್ಟೀರಿ?" ಎಂದು ಕೇಳಿದರು.

ಆ ರಾತ್ರಿ ಮನೆಗೆ ಬಂದ ಮೇಲೆ ನನ್ನ ಹೆಂಡತಿ ಶಾಂತಮ್ಮ ಮೊದಲ ಸಲ ನನ್ನ ಯೋಜನೆಯ ಬುಡಕ್ಕೇ ಕೈ ಹಾಕಿದಳು. "ಸಾವಿತ್ರಿ ರಾಯಚೂರಿಗೆ ಹೋಗಿ ಟೀಚರ್ ಟ್ರೇನಿಂಗ್ ಮಾಡ್ತೀನಿ ಅಂತಾಳ. ಆಕಿ ಕಲಿಯೋ ಹೊತ್ತಿಗೆ ನೀವು ಹೊರಸಿನ ಮ್ಯಾಲ ಮಲಗಿರ್ತೀರಿ. ಖರ್ಚು ಯಾರು ಕೊಡ್ತಾರ, ಬೇವಿನ ಗಿಡ ಕೊಡ್ತದೇನ್ರಿ?"

"ಉಳಿಸಿದ್ದು ಇರ್ತದಲ್ಲ," ಎಂದೆ.

"ಅರ್ಧ ಸಾಬೂನು ಮಾರಿ ಕಲಸ್ತೀರೇನು? ಹೋಗ್ಲಿ, ಮದಲ ಒಂದ್ ತಿಂಗಳ ಮನ್ಯಾಗ ಕುಂತು ತೋರಸ್ರಿ. ಆಮ್ಯಾಲ ರಿಟೈರ್ ಆಗೋ ಮಾತು."

ಇದು ನ್ಯಾಯವಾಗಿಯೇ ಕಂಡಿತು. ನಾಟಕದವರು ಸಹ ತಾಲೀಮು ಮಾಡದೆ ರಂಗಕ್ಕೆ ಬರುವುದಿಲ್ಲ. ಒಂದು ತಿಂಗಳ ಗಳಿಕೆ ರಜೆ ಬರೆದುಕೊಟ್ಟು ಮನೆಯಲ್ಲಿ ಕೂತೆ.

ಕಚೇರಿಯಲ್ಲಿ ನಾನು ದುಡಿಯುತ್ತಿದ್ದೆ ಎಂಬುದಷ್ಟೇ ನನಗೆ ಗೊತ್ತಿತ್ತು. ಅಲ್ಲಿ ನನಗೆ ಎಷ್ಟೊಂದು ಪುಕ್ಕಟೆ ಸಿಗುತ್ತಿತ್ತು ಎಂಬುದು ಮನೆಯಲ್ಲಿ ಕೂತ ಮೇಲೆ ತಿಳಿಯಿತು. ಅಲ್ಲಿ ಫ್ಯಾನು ಸರಕಾರದ್ದು, ಪೇಪರು ಸರಕಾರದ್ದು, ಚಹಾ ಸರದಿಯ ಮೇಲೆ ಗೆಳೆಯರದ್ದು. ಇಲ್ಲಿ ಎಲ್ಲವೂ ನನ್ನದೇ. ಅದರ ಮೇಲೆ, "ಮನ್ಯಾಗೇ ಅದೀರಂತ ಕೇಳಿದ್ವಿ," ಎನ್ನುತ್ತ ಓಣಿಯವರು ಒಬ್ಬೊಬ್ಬರಾಗಿ ಬಂದು ಕೂತು, ಚಹಾ ಕುಡಿದು, ದೇಶದ ವಿಚಾರ ಮಾತಾಡಿ ಹೋಗತೊಡಗಿದರು. ತಿಂಗಳಿಗೆಂದು ತಂದ ಸಕ್ಕರೆ ವಾರದಲ್ಲಿ ಡಬ್ಬಿಯ ತಳ ಕಾಣಿಸಿತು. ಅದನ್ನು ಸರಿದೂಗಿಸಲೆಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಗ್ಗರಣೆಗೆ ಎಣ್ಣೆ ಹೆಚ್ಚಾಯಿತು, ಒಲೆಯ ಉರಿ ದಂಡವಾಗುತ್ತಿದೆ ಎಂದು ಸಲಹೆ ಕೊಡತೊಡಗಿದೆ. ಎರಡು ದಿನ ಸಹಿಸಿಕೊಂಡ ಶಾಂತಮ್ಮ ಮೂರನೆಯ ದಿನ ಸೌಟು ಹಿಡಿದೇ ತಿರುಗಿದಳು. "ಏನ್ರೀ, ನಾ ಎಂದಾದ್ರೂ ನಿಮ್ಮ ಆಫೀಸಿಗೆ ಬಂದು ಫೈಲ್ ಮುಟ್ಟೀನೇನು?"

ನಾನು ಜಾಗ ಖಾಲಿ ಮಾಡಿ ಲುಂಗಿ ಸುತ್ತಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತೆ. ಅಲ್ಲಿ ಕೂತದ್ದೇ ತಪ್ಪಾಯಿತು. ನಮ್ಮೂರು ಚಂದ್ರಬಂಡದವರು ಯಾರೋ ಆ ದಾರಿಯಲ್ಲಿ ಹೋಗುವಾಗ, ಕಚೇರಿಯ ಹೊತ್ತಿನಲ್ಲಿ ನಾನು ಹಾಗೆ ಕೂತಿರುವುದನ್ನು ನೋಡಿ ಊರಿಗೆ ಸುದ್ದಿ ಒಯ್ದರು. ಊರಲ್ಲಿ ನನ್ನ ಅಪ್ಪ ಯಲ್ಲಪ್ಪ, ತಮ್ಮನ ಸಂಸಾರದ ಜೊತೆ ಇದ್ದ. ಎಪ್ಪತ್ತರ ಆಸುಪಾಸು, ಆದರೂ ಕೂಲಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಎರಡು ದಿನದಲ್ಲಿ ಅವನು ಹೆಗಲ ಮೇಲೆ ಜೋಳದ ಚೀಲ ಹೊತ್ತು, ರಾಯಚೂರಿನಲ್ಲಿ ಬಸ್ಸು ಬದಲಿಸಿ, ನಡುಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದು ನಿಂತ.

ಬಂದವನು ಕೈಕಾಲು ತೊಳೆದ. ಉಂಡ. ಮೊಮ್ಮಕ್ಕಳ ತಲೆ ಸವರಿದ. ಸಂಜೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಯಾರಿಗೂ ಕೇಳದಂತೆ ಸಣ್ಣ ದನಿಯಲ್ಲಿ ಹೇಳಿದ: "ತಮ್ಮಾ, ಆಗಿದ್ದು ಆಗ್ಯಾದ. ದೊಡ್ಡ ದೊಡ್ಡೋರ ನೌಕ್ರಿನೂ ಹೋಗ್ತಾವ. ಮನಸಿಗೆ ಹಚ್ಕೋಬ್ಯಾಡ. ನನ್ನ ರಟ್ಟಿ ಇನ್ನಾ ಗಟ್ಟಿ ಅದಾವ, ಶೇಂಗಾ ಕೀಳೋ ಕೆಲಸ ನಡದದ. ನಾ ದುಡಿದು ಕಳಸ್ತೀನಿ. ಸಾವಿತ್ರಿ ಸಾಲಿ ಮಾತ್ರ ಬಿಡಸಬ್ಯಾಡ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. "ನೌಕ್ರಿ ಹೋಗಿಲ್ಲ ಯಪ್ಪಾ. ನಾನೇ ರಜಾ ಹಾಕೀನಿ. ಮನ್ಯಾಗ ಹೆಂಗ ಕುಂದರಬೇಕು ಅಂತ ಕಲಿಯಾಕತ್ತೀನಿ," ಎಂದೆ. ಅಪ್ಪ "ಹೂಂ, ಹೂಂ" ಎಂದು ನನ್ನ ಬೆನ್ನು ತಟ್ಟಿದ. ಕೆಲಸ ಕಳೆದುಕೊಂಡ ಮಗ ಮರ್ಯಾದೆ ಉಳಿಸಿಕೊಳ್ಳಲು ಇನ್ನೇನು ತಾನೇ ಹೇಳಿಯಾನು ಎಂಬ ಕರುಣೆ ಅವನ ಮುಖದಲ್ಲಿತ್ತು. ಮೈ ಹುಷಾರಿಲ್ಲದೆ ಯಾರಾದರೂ ರಜೆ ಹಾಕಿಯಾರು, ಕೂರುವುದನ್ನು ಕಲಿಯಲು ರಜೆ ಹಾಕುವವರನ್ನು ಅವನು ಎಲ್ಲಿ ಕಂಡಿರಬೇಕು?

ಮರುದಿನ ನಾನು ಕ್ಷೌರ ಮಾಡಿಸಿಕೊಂಡು ಮನೆಗೆ ಬಂದಾಗ ಅಪ್ಪ ಇರಲಿಲ್ಲ. ಮಧ್ಯಾಹ್ನ ರುಮಾಲು ಸರಿಮಾಡಿಕೊಳ್ಳುತ್ತ, ಮುಖ ಅರಳಿಸಿಕೊಂಡು ಬಂದ.

"ಏಳಲೇ, ನಿನ್ನ ಕೆಲಸ ಆತು! ನಿಮ್ಮ ಆಫೀಸಿನ ಸಾಹೇಬ್ರು ಬಾಳ ಛಲೋ ಮನಷಾರು. ಪೂರಾ ಮಾಫ್ ಮಾಡ್ಯಾರ. ಯಾವಾಗ ಬೇಕಾದ್ರ ಬಂದು ಹಾಜರಾಗು ಅಂದ್ರು."

ನಾನು ಎದ್ದು ನಿಂತೆ. "ಅವ್ರಿಗೆ ಏನಂದಿ ಯಪ್ಪಾ?"

"ಏನಿಲ್ಲ. ನಮ್ಮ ಹುಡುಗ ಇನ್ನಾ ಸಣ್ಣಾವ, ಏನಾರ ತಪ್ಪು ಮಾಡಿದ್ರ ಹೊಟ್ಟ್ಯಾಗ ಹಾಕ್ಕೋರಿ ಅಂದೆ."

ಬಾಗಿಲ ಹಿಂದೆ ಶಾಂತಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ರಜೆ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಆದರೆ ಕ್ಷಮಾದಾನ ಸಿಕ್ಕವನು ಮನೆಯಲ್ಲಿ ಕೂರುವುದು ಹೇಗೆ? ಮರುದಿನ ಅಪ್ಪ ನನ್ನನ್ನು ಶಾಲೆಗೆ ಸೇರಿಸಿದ ದಿನದಂತೆಯೇ ಕಚೇರಿಯ ತನಕ ನಡೆಸಿಕೊಂಡು ಹೋದ. ನನ್ನನ್ನು ಮತ್ತೆ ಯಾರೂ ಹೊರಗೆ ಹಾಕುವುದಿಲ್ಲ ಎಂದು ಖಾತ್ರಿಯಾಗುವವರೆಗೆ ವರಾಂಡದಲ್ಲಿ ಕೂತೇ ಇದ್ದ. ಸಾಹೇಬರು ನನ್ನನ್ನು ಒಳಗೆ ಕರೆದು ಮನಸಾರೆ ನಕ್ಕರು. ನಕ್ಕು ಮುಗಿದ ಮೇಲೆ, "ಅಲ್ರೀ, ಈ ವಯಸ್ಸಿನಾಗ ನಿಮ್ಮ ತಂದಿ ಇನ್ನಾ ಬಿಸಿಲಾಗ ಕೂಲಿಗೆ ಹೋಗ್ತಾರಂತ, ಯಾಕ್ರಿ?" ಎಂದು ಕೇಳಿದರು. ನಮ್ಮಲ್ಲಿಗೆ ಬರುವ ಹಾಗಿದ್ದರೆ ಬಾ ಎಂದು ನಾನು ಅಪ್ಪನಿಗೆ ಒಂದೆರಡು ಸಲ ಅಂದಿದ್ದೆ, ಅವನು ಒಲ್ಲೆ ಅಂದಿದ್ದ, ಅಲ್ಲಿಗೆ ಮಾತು ಮುಗಿದಿತ್ತು. ಎಲ್ಲರಿಗಿಂತ ಮೊದಲು ಯಾರು ನಿವೃತ್ತರಾಗಬೇಕು ಎಂದು ಅಷ್ಟು ವರ್ಷಗಳಲ್ಲಿ ನಾನು ಯೋಚಿಸಿಯೇ ಇರಲಿಲ್ಲ.

ಸಂಜೆ ಮನೆಗೆ ಬಂದು ವಿಷಯ ತೆಗೆದೆ. ಶಾಂತಮ್ಮ ಆಗಲೇ ತೆಗೆದಾಗಿತ್ತು. "ಮಾವನ್ನ ನಾ ಕಳಸಂಗಿಲ್ಲ," ಎಂದಳು. ಅಪ್ಪ ಒಪ್ಪಲಿಲ್ಲ. "ಕುಂತು ಉಣ್ಣಾಕ ನಾನೇನು ಜಹಗೀರದಾರ ಏನವ್ವಾ? ಕೈಯಾಗ ನನ್ನವು ಅಂತ ನಾಕ್ ರೊಕ್ಕ ಇರಬೇಕಲ್ಲ," ಎಂದ.

"ನಿನಗ ಪಿಂಚಣಿ ಕೊಡ್ತೀವಿ ಯಪ್ಪಾ, ತಿಂಗಳ ತಿಂಗಳ," ಎಂದೆ.

"ಯಾರು, ಸರಕಾರದವ್ರೇನು?"

"ಅಲ್ಲ, ನಾ ಕೊಡ್ತೀನಿ."

ಅಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. "ಹಂಗಾರ ನೀ ನೌಕ್ರಿ ಬಿಡಂಗಿಲ್ಲ?"

"ಬಿಡಂಗಿಲ್ಲ."

"ಆತು. ಹಂಗಾರ ನಾ ಕುಂದರ್ತೀನಿ."

ನಾನು ಅಷ್ಟು ದಿನ ಕೂತರೂ ಕಲಿಯಲಾಗದ ವಿದ್ಯೆಯನ್ನು ಅಪ್ಪ ಒಂದೇ ವಾರದಲ್ಲಿ ಕಲಿತ. ಬೆಳಿಗ್ಗೆ ಹಿತ್ತಲಲ್ಲಿ ಅವರೆ ಬಳ್ಳಿಗೆ ನೀರು ಹಾಕುವುದು, ಮಧ್ಯಾಹ್ನ ಮಲಗುವುದು, ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ಯಾರು ಬಂದರು, ಯಾರು ಹೋದರು ಎಂದು ನೋಡಿಕೊಂಡು ಬರುವುದು. ಒಂದನೇ ತಾರೀಖು ಮಾತ್ರ ಎಲ್ಲಿಗೂ ಹೋಗದೆ ಬಾಗಿಲಲ್ಲೇ ನನಗಾಗಿ ಕಾಯುತ್ತಾನೆ. ಆ ದುಡ್ಡಿನಲ್ಲಿ ಅವನಿಗೆ ತಂಬಾಕು, ಮೊಮ್ಮಗನಿಗೆ ಪೆಪ್ಪರಮಿಂಟು. ಉಳಿದದ್ದು ಸೊಸೆಯ ಸಾಸಿವೆ ಡಬ್ಬಿಗೆ. ಸಾವಿತ್ರಿ ರಾಯಚೂರಿನ ಹಾಸ್ಟೆಲ್ಲಿಗೆ ಹೊರಟಾಗ ಶಾಂತಮ್ಮ ಮೊದಲು ತೆಗೆದದ್ದು ಆ ಡಬ್ಬಿಯನ್ನೇ. ಸಾವಿತ್ರಿ ಈಗ ಮಟಮಾರಿಯ ಶಾಲೆಯಲ್ಲಿ ಟೀಚರಮ್ಮ. ಸರಕಾರ ನಮಗೆ ತುಟ್ಟಿಭತ್ಯೆ ಹೆಚ್ಚಿಸಿದ ಸುದ್ದಿ ಬಸ್ ಸ್ಟ್ಯಾಂಡಿನಲ್ಲಿ ಕೇಳಿಬಂದ ದಿನ ಅಪ್ಪ, "ನಂದೂ ಏರಸ್ತೀಯೇನು?" ಎಂದು ಕೇಳುತ್ತಾನೆ. ಏರಿಸುತ್ತೇನೆ.

ನನ್ನ ನಲವತ್ತೈದು ಯಾವಾಗಲೋ ಬಂದು, ಯಾರ ಗಮನಕ್ಕೂ ಬಾರದೆ ಹೋಯಿತು. ಮೊನ್ನೆ ಬೆಳಿಗ್ಗೆ ಚಹಾ ಕುಡಿಯುತ್ತ, ಸುಮ್ಮನೆ ಅವನ ಮನಸ್ಸು ನೋಡೋಣವೆಂದು, "ಸಾಕಾಗ್ಯಾದ ಯಪ್ಪಾ, ಇನ್ನ ನಾನೂ ರಿಟೈರ್ ಆಗ್ಲೇನು?" ಎಂದೆ. ಅಪ್ಪ ಕಪ್ಪು ಬಸಿ ಕೆಳಗಿಟ್ಟು ಗಾಬರಿಯಿಂದ ನನ್ನನ್ನು ನೋಡಿದ.

"ಛೇ, ನಿಂಗಿನ್ನಾ ಏನ್ ವಯಸ್ಸಾಗ್ಯಾದ? ಸಣ್ಣ ಹುಡುಗರು ಮನ್ಯಾಗ ಕುಂದರಬಾರದು. ಏಳು, ಆಫೀಸಿಗೆ ಹೊತ್ತಾತು."

ಅರ್ಧ ತಲೆ ನರೆತ ಈ ಸಣ್ಣ ಹುಡುಗ ಬುತ್ತಿ ಎತ್ತಿಕೊಂಡು ಸೈಕಲ್ ಹತ್ತಿದ.