ಹತ್ತಿರದಿಂದ ತೋರಿಸಿದ ಬುದ್ಧ

ಕರಡಿ ಬರಬಹುದಿತ್ತು. ಜೇನು ಏಳಬಹುದಿತ್ತು. ಬಂಡೆಯ ಸಂದಿಯಿಂದ ಹಾವು ಹೊರಟು ಸರಿಯಾಗಿ ಬೀಗರ ಕಾಲನ್ನೇ ಆರಿಸಿಕೊಳ್ಳಬಹುದಿತ್ತು. ಮಂಗಗಳು ರೊಟ್ಟಿ ಗಂಟು ಒಯ್ಯಬಹುದಿತ್ತು. ಬೀಗರಿಗೆ ಮಂಡಿ ಹಿಡಿದು, ಅವರನ್ನು ನಾನು ಹೊತ್ತು, ಕೊನೆಗೆ ಇಬ್ಬರನ್ನೂ ಇನ್ಯಾರೋ ಹೊತ್ತು ಇಳಿಸಬೇಕಾಗಬಹುದಿತ್ತು. ವಾರವಿಡೀ ಇವನ್ನೆಲ್ಲ ಶಿಸ್ತಾಗಿ ಚಿಂತಿಸಿ ಮುಗಿಸಿದ್ದೆ. ಹೀಗಾಗಿ ಶಹಾಪುರದ ಗುಡ್ಡ ಹತ್ತಲು ನನ್ನಷ್ಟು ಸಿದ್ಧನಾದವನು ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ!

ಬೀಗರು ಎಂದೆ; ಇನ್ನೂ ಆಗಿರಲಿಲ್ಲ. ಗುರುಮಠಕಲ್ ಕಡೆಯ ನಿವೃತ್ತ ಮಾಸ್ತರರು, ಬೌದ್ಧ ಮನೆತನ. ಅವರ ಮಗ, ನನ್ನ ಮಗಳು ಇಬ್ಬರೂ ಒಪ್ಪಿಯಾಗಿತ್ತು. ಇವರದೊಂದು ‘ಹೂಂ’ ಬಾಕಿ.

"ಮಲಗಿದ ಬುದ್ಧನ ಗುಡ್ಡದ ಬಗ್ಗೆ ಭಾಳ ಕೇಳೀನ್ರಿ. ಮೊದಲ ಅವನ್ನ ನೋಡೂಣು. ಆಮ್ಯಾಲ ಮದುವಿ ಮಾತು," ಎಂದಿದ್ದರು.

"ರೋಡಿನ ಬಾಜೂಕ ನಿಂತ್ರ ಗುಡ್ಡದ ಸಾಲಿನಾಗ ಮಲಗಿದಂಗ ಕಾಣ್ತಾನಲ್ರಿ," ಎಂದಳು ನನ್ನ ಹೆಂಡತಿ ಶಾಂತಾ.

"ಬಸ್ಸಿನಾಗ ಹೋಗೋರೆಲ್ಲ ಹಂಗ ನೋಡ್ತಾರ. ಬೀಗರಿಗೆ ಹತ್ತಿರದಿಂದ ತೋರಸಬೇಕು!"

ದೂರದಿಂದಲೇ ಅಷ್ಟು ಚೆಂದ ಕಾಣುವವನು ಹತ್ತಿರದಿಂದ ಎಷ್ಟು ಚೆಂದ ಕಂಡಾನು! ಶಾಂತಾ ಮಾತ್ರ ಬೀಗತಿಯೊಂದಿಗೆ ಊರಾಚೆ ರಸ್ತೆ ಬದಿಯ ಚಹಾದಂಗಡಿಯಲ್ಲೇ ಕೂತಳು.

ನಾವಿಬ್ಬರು ಗಂಡಸರು ಹತ್ತಿದೆವು. ಸೀತಾಫಲದ ಪೊದೆಯಲ್ಲಿ ಸರಕ್ಕೆಂದಿತು. "ಕರಡಿ!" ಎಂದು ಕೂಗಿ, ಬೀಗರ ಬೆನ್ನ ಹಿಂದೆ ನಿಂತು ಅವರಿಗೆ ರಕ್ಷಣೆ ಕೊಟ್ಟೆ. ಹೊರಬಂದದ್ದು ಆಡು.

ಹಳೇ ಕೋಟೆಯ ಗೋಡೆ ತೋರಿಸಿದೆ. ಬಂಡೆಗಳ ನಡುವಿನ ನೀರಿನ ಹೊಂಡ ತೋರಿಸಿದೆ.

"ಛಲೋ ಐತ್ರಿ. ಬುದ್ಧ ಎಲ್ಲಿ?"

"ಇನ್ನೊಂದೀಟು ಮ್ಯಾಲ್ರಿ."

ಕೊನೆಗೆ ಮೇಲೆ ಹತ್ತಲು ಗುಡ್ಡವೇ ಉಳಿಯಲಿಲ್ಲ! ಒಂದು ಅಗಲ ಬಂಡೆಯ ಮೇಲೆ ಕೂತು ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಬೀಗರು ಮತ್ತೆ ಕೇಳಿದರು. ಬೆವರೊರೆಸಿಕೊಂಡು ಎದುರಿನ ಕಲ್ಲಿನತ್ತ ಬೆರಳು ಮಾಡಿದೆ. "ಅದ ಇರಬೇಕ್ರಿ, ಮೂಗು."

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಎಮ್ಮಿ ಕುಂತಂಗ ಐತಲ್ರಿ."

ಮಗಳ ಮದುವೆ ಬಂಡೆಯಿಂದ ಬಂಡೆಗೆ ಉರುಳುತ್ತ ಇಳಿದು ಹೋಗುವುದು ನನಗೆ ಸ್ಪಷ್ಟವಾಗಿ ಕಂಡಿತು. ಅಷ್ಟರಲ್ಲಿ ಶಾಂತಾಳ ಫೋನು. ಅವಳ ದನಿಗೆ ಸ್ಪೀಕರ್ ಬೇಕಾಗುವುದಿಲ್ಲ.

"ರೀ, ಬುದ್ಧ ಎಷ್ಟ ಚಂದ ಕಾಣಾಕತ್ತಾನ! ಹಣಿ, ಮೂಗು, ಗದ್ದ, ಎಲ್ಲಾ! ಬೀಗತಿಯವರು ಕೈ ಮುಗಿದು ಕುಂತಾರ. ನೀವಿಬ್ರ ಎಲ್ಲಿದ್ದೀರಿ? ನೀವ ಕಾಣವಲ್ರಿ!"

ಬೀಗರು ನಿಧಾನವಾಗಿ ತಮ್ಮ ಕಾಲ ಕೆಳಗೆ ನೋಡಿದರು. ನಾನೂ ನೋಡಿದೆ.

"ಅಂದ್ರ... ನಾವು ಕುಂತಿದ್ದು?"

"ಹೊಟ್ಟಿ ಇರಬೇಕ್ರಿ."

ಇಬ್ಬರೂ ತಟ್ಟನೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದೆವು. ಬೀಗರ ಭುಜ ಅಲುಗತೊಡಗಿತು. ಸಿಟ್ಟು ಎಂದುಕೊಂಡೆ. ನಗು! ಕೆಮ್ಮು ಬರುವಷ್ಟು ನಗು!

"ಹೊಟ್ಟಿ ಮ್ಯಾಲ ಕುಂತು ರೊಟ್ಟಿ ತಿಂದ್ರೂ ಏಳಲಿಲ್ಲಲ್ರಿ ಮಹಾತ್ಮ! ನಿಮ್ಮ ಸಂಗಾಟ ಬೀಗತನ ಮಾಡಾಕ ಇಷ್ಟ ಸಮಾಧಾನ ಬೇಕು ನೋಡ್ರಿ. ಮದುವಿ ಖಾಯಂ!"

ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಹಾರುತ್ತ ಇಳಿದೆವು. ಚಹಾದಂಗಡಿಯ ಬೆಂಚಿನಿಂದ ಬುದ್ಧ ನಿಶ್ಚಿಂತೆಯಾಗಿ ಕಂಡ. ಜೀವಮಾನದಲ್ಲಿ ಮೊದಲ ಸಲ ನಾನೂ ನಿಶ್ಚಿಂತೆಯಿಂದ ಚಹಾ ಕುಡಿದೆ.

ಕರಡಿ ಬರಲಿಲ್ಲ, ಜೇನು ಏಳಲಿಲ್ಲ, ಯಾರ ಮಂಡಿಯೂ ಹಿಡಿಯಲಿಲ್ಲ. ಮದುವೆಯೂ ಆಯಿತು. ಕೆಟ್ಟದ್ದು ನನ್ನ ಹೆಸರೊಂದೇ. ಕನ್ನಡಕ ಸಿಗದಿದ್ದಾಗಲೆಲ್ಲ ಬೀಗರು ನನ್ನ ಮಗಳಿಗೆ ಹೇಳುತ್ತಾರಂತೆ:

"ನಿಮ್ಮಪ್ಪನ್ನ ಮಾತ್ರ ಕರೀಬ್ಯಾಡವ್ವಾ. ಅದರ ಮ್ಯಾಲ ಕುಂತು ಹುಡುಕ್ತಾನ!"