ಅಲಸಂದೆಗೆ ವಿಟಮಿನ್ ಸಿ

ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಕೂರುವವಳು ನಾನಲ್ಲ. ಹಾಗಾಗಿ ನನಗೆ ಇಂಥವು ಆಗುತ್ತಲೇ ಇರುತ್ತವೆ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ. ಎಣ್ಣೆ ಡಬ್ಬದಲ್ಲಿ ದಾಸವಾಳದ ಕಡ್ಡಿ ನೆಟ್ಟು ಶುರುಮಾಡಿದ ನರ್ಸರಿ ಇವತ್ತು ಹೇರೋಹಳ್ಳಿಯಲ್ಲಿ ಒಂದು ಇಡೀ ಸೈಟು ತುಂಬಿದೆ. ನನ್ನ ಓದೆಲ್ಲ ಗಿಡ ಸುತ್ತಿ ಕೊಡಲು ತರುವ ಹಳೇ ಪೇಪರಿನಲ್ಲಿ. ಒಂದು ದಿನ ಅದರಲ್ಲೇ ಸಿಕ್ಕಿತು: ಗಿಡಗಳು ವಿಟಮಿನ್ ಸಿ ತಾವೇ ತಯಾರಿಸಿಕೊಳ್ಳುತ್ತವೆ, ಅದು ಕಡಿಮೆಯಾದರೆ, ಭೂಮಿಯ ಸೆಳೆತಕ್ಕೆ ಬೇರು ಬಾಗುವ ರೀತಿಯೇ ಬದಲಾಗುತ್ತದೆ. ಜಾಸ್ತಿಯಾದರೆ? ಅಷ್ಟು ಹೊತ್ತಿಗೆ ಪೇಪರು ಹರಿದಿತ್ತು.

ಅದೇ ವಾರ ಗಿಡ ಕೊಳ್ಳಲು ಬಂದ ಮೂಡಲಪಾಳ್ಯದ ಶಾಲೆಯೊಂದರ ಹೆಡ್‌ಮಿಸ್, "ನಮ್ಮ ಮಕ್ಕಳಿಗೆ ಗಿಡಗಳ ಬಗ್ಗೆ ಒಂದು ಪಾಠ ಮಾಡ್ತೀರಾ?" ಎಂದರು. ಶಾಲೆ ಬಿಟ್ಟವಳನ್ನು ಪಾಠ ಮಾಡಲು ಕರೆದಿದ್ದರು. ಅಲ್ಲಿ ಒಂದು ಮಾತೂ ತಪ್ಪಾಗಬಾರದು, ಪ್ರಯೋಗ ನಾನೇ ಮಾಡಿ ತೋರಿಸಬೇಕು ಎಂದು ಹಟ ಹಿಡಿದೆ.

೧. ವಯಸ್ಸೆಷ್ಟು?

ಮೆಡಿಕಲ್ ಶಾಪಿನಲ್ಲಿ ವಿಟಮಿನ್ ಸಿ ಮಾತ್ರೆ ಕೇಳಿದೆ.

"ಯಾರಿಗೆ ಆಂಟಿ?"

"ಅಲಸಂದೆಗೆ."

"ಅವರಿಗೆ ವಯಸ್ಸೆಷ್ಟು?"

"ಮೂರು ದಿನ."

ಮುಂದಿಟ್ಟಿದ್ದ ಮಾತ್ರೆಯನ್ನು ಅಂಗಡಿಯವನು ಹಿಂದಕ್ಕೆಳೆದುಕೊಂಡ. "ಮೂರು ದಿನದ ಮಗೂಗೆ ಮಾತ್ರೆ ಕೊಡ್ತಾರಾ?"

"ಮಗು ಅಲ್ಲಪ್ಪ, ಕಾಳು. ಮೊಳಕೆ ಬಂದಿದೆ. ಬೇರಿಗೆ ಕೊಡ್ಬೇಕು."

ಅವನು ಸ್ವಲ್ಪ ಯೋಚಿಸಿ ಮಾತ್ರೆ ಮತ್ತೆ ಮುಂದೆ ತಳ್ಳಿದ. "ಕೊಡಿ. ಆದ್ರೆ ಊಟ ಆದ್ಮೇಲೆ."

೨. ಗುರುಬಲ

ಪಾಠದ ಅಭ್ಯಾಸ ಮಾಡಿದ್ದು ನರ್ಸರಿಗೆ ಬಂದವರ ಮೇಲೆ. ಮಗಳಿಗೆ ಗಂಡು ಹುಡುಕುತ್ತಿದ್ದ ಒಬ್ಬ ತಾಯಿಗೆ ಹೇಳಿದೆ, "ಬೇರು ಕೆಳಗಿಳಿಯೋದು ಗುರುತ್ವ ಬಲದಿಂದ."

"ಗಿಡಕ್ಕೂ ಗುರುಬಲ ನೋಡ್ಬೇಕೇನ್ರೀ? ನಮ್ಮ ಹುಡುಗಿಗೂ ಅದೇ ಅಡ್ಡ ಬಂದಿರೋದು. ಇನ್ನೂ ಆರು ತಿಂಗಳು ಕಾಯ್ಬೇಕಂತೆ."

"ಗುರುಬಲ ಅಲ್ಲಮ್ಮ, ಗುರುತ್ವ ಬಲ. ಅದು ಯಾವಾಗ್ಲೂ ಇರುತ್ತೆ."

"ಯಾವಾಗ್ಲೂ ಇರುತ್ತಾ?" ಆಕೆ ದಾಸವಾಳದ ಗಿಡವೊಂದನ್ನು ಎತ್ತಿಕೊಂಡರು. "ಹಾಗಾದ್ರೆ ಇದು ಕೊಡಿ. ಮನೇಲಿ ಒಬ್ಬರಿಗಾದ್ರೂ ಇರ್ಲಿ."

೩. ಮೆಟ್ಟಿಲು ಬೇರು

ಎರಡು ಗಾಜಿನ ಬಾಟಲಿಗಳಲ್ಲಿ ಒದ್ದೆ ಕಾಗದ ಸುತ್ತಿಟ್ಟು, ಗಾಜಿಗೂ ಕಾಗದಕ್ಕೂ ನಡುವೆ ಮೊಳಕೆಕಾಳು ಸಿಕ್ಕಿಸಿ, ಬಾಟಲಿಗಳನ್ನು ಅಡ್ಡ ಮಲಗಿಸಿದೆ. ಬರೀ ನೀರಿನದು ಬೀರುವಿನ ಮೇಲೆ; ಜಾಗವಿಲ್ಲದೆ ಮಾತ್ರೆ ನೀರಿನದು ಅಡುಗೆಮನೆಯಲ್ಲಿ. "ನಾನಿಟ್ಟ ಸಾಮಾನು ಇಟ್ಟ ಹಾಗೇ ಇರ್ಬೇಕು," ಎಂದು ಅತ್ತೆಗೂ ಹೇಳಿದೆ. ಹೂಂ ಎಂದರು.

ಐದು ದಿನ ಕಳೆಯಿತು. ಬೀರುವಿನ ಮೇಲಿನ ಬೇರು ಒಂದೇ ಸಲ ಬಾಗಿ ನೆಲದ ಕಡೆ ನೆಟ್ಟಗೆ ಹೋಗಿತ್ತು. ಮಾತ್ರೆ ಕುಡಿದದ್ದು ಮೆಟ್ಟಿಲು ಮೆಟ್ಟಿಲಾಗಿ ಅಂಕುಡೊಂಕು! ಪೇಪರಿನವರಿಗೂ ಗೊತ್ತಿಲ್ಲದ್ದು ನನಗೆ ಸಿಕ್ಕಿತು ಎಂದು ಆ ದಿನವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ಪಾಠದ ದಿನ ಅತ್ತೆಯೂ ಬಂದು ಮುಂದಿನ ಬೆಂಚಿನಲ್ಲಿ ಕೂತರು. ಬಾಟಲಿಗಳನ್ನು ಮೇಜಿನ ಮೇಲೆ ಮಲಗಿಸಿಟ್ಟು, ಮಕ್ಕಳೆಲ್ಲ ಸಾಲಾಗಿ ಬಂದು ನೋಡಿಹೋದ ಮೇಲೆ ಕೇಳಿದೆ, "ಈ ಎರಡನೇ ಬೇರು ಯಾಕೆ ಹೀಗಾಯ್ತು? ಗೊತ್ತಿದ್ದವರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಹೆಡ್‌ಮಿಸ್ ಕೂಡ ಪೆನ್ನು ಹಿಡಿದು ಕಾಯುತ್ತಿದ್ದರು. ಉತ್ತರ ಹೇಳಲು ನಾನು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಅತ್ತೆ ಎದ್ದು ಬಂದು ಆ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದರು.

"ಬಿದ್ದಿತ್ತು ಕಣಮ್ಮ," ಎಂದರು. "ಮನೇಲೂ ಅಷ್ಟೆ. ನೀನು ಆಚೆ ಹೋದ ಮೇಲೆ ದಿನಾ ಎತ್ತಿ ನಿಲ್ಲಿಸ್ತಿದ್ದೆ. ಬೈತೀಯ ಅಂತ ನೀನು ಬರೋ ಹೊತ್ತಿಗೆ ಮತ್ತೆ ಮಲಗಿಸ್ತಿದ್ದೆ."

ಇಡೀ ಕ್ಲಾಸು ಒಟ್ಟಿಗೆ ಕೈ ಎತ್ತಿತು.